ಅವತ್ತು ಹುಣ್ಣಿಮೆ

ಚಳಿ ಮುಗಿಯಿತೆಂದು ಕಳೆದ ವಾರ ಹಳೆಯ ಕೋಟುಗಳನ್ನು ಡೊನೇಷನ್‌ಗೆ ವಿಂಗಡಿಸುತ್ತಿದ್ದೆ. ಒಂದರ ಒಳಜೇಬಿನಲ್ಲಿ ಬೆರಳುದ್ದದ ಹಸಿರು ಸೀಸೆ ಸಿಕ್ಕಿತು. ಒಳಗಿನ ನೋವಿನೆಣ್ಣೆ ಆರಿಹೋಗಿತ್ತು. ಮುಚ್ಚಳ ತಿರುಗಿಸಿದರೆ ವಾಸನೆ ಮಾತ್ರ ಹಾಗೇ ಇತ್ತು: ನೀಲಗಿರಿ, ಕರ್ಪೂರ, ಜೊತೆಗೆ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ. ಈ ಕೊನೆಯದು ಸೀಸೆಯೊಳಗೆ ಇರಲು ಸಾಧ್ಯವಿಲ್ಲ. ಅದನ್ನು ಸೇರಿಸಿಕೊಂಡವನು ನಾನೇ ಇರಬೇಕು.

ಸೀಸೆ ಕೊಟ್ಟವರು ವಿಯೆಟ್ನಾಮಿನ ಆಂಟಿ. ಈಗಿರುವ ನೇಪರ್‌ವಿಲ್‌ಗೆ ಬರುವ ಮೊದಲು ನಾವು ಡೆಸ್ ಪ್ಲೇನ್ಸ್‌ನಲ್ಲಿದ್ದ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಬಾಗಿಲು. ಮನೆಯಲ್ಲೇ ಬಟ್ಟೆ ಆಲ್ಟರೇಷನ್ ಮಾಡುತ್ತಿದ್ದರು. ಕನ್ನಡದವರ ಕಾರ್ಯಕ್ರಮ ಹತ್ತಿರ ಬಂತೆಂದರೆ ನಮ್ಮ ಹೆಂಗಸರೆಲ್ಲ ಬ್ಲೌಸ್ ಹಿಡಿದು ಅಲ್ಲಿ ನಿಂತಿರುತ್ತಿದ್ದರು. ನನ್ನ ಹೆಂಡತಿಯ ಅಳತೆ ತೆಗೆಯುತ್ತ, "ಹೋದ ವರ್ಷ ಒಂದು ಇಂಚು ಬಿಟ್ಟೆ, ಈ ವರ್ಷ ಎರಡು. ಗಂಡ ಚೆನ್ನಾಗಿ ಅಡುಗೆ ಮಾಡ್ತಾನೆ ಅನ್ಸುತ್ತೆ" ಎಂದು ನಗದೆಯೇ ಛೇಡಿಸುತ್ತಿದ್ದರು. ನಿಜಕ್ಕೂ ನಾವಾಡುತ್ತಿದ್ದದ್ದು ಇಂಗ್ಲಿಷ್. ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ. ನನ್ನನ್ನು 'ಎಮ್' ಎನ್ನುತ್ತಿದ್ದರು. ಅವರಲ್ಲಿ ತಮ್ಮನಿಗೂ ತಂಗಿಗೂ ಅದೇ ಕರೆ.

ಒಂದು ದಿನ ನಮ್ಮ ಅಡುಗೆಮನೆಗೆ ಬಂದವರು ಗೋಡೆಯ ಕನ್ನಡ ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟರು. ಹುಣ್ಣಿಮೆ, ಅಮಾವಾಸ್ಯೆಯ ಗುರುತುಗಳ ಮೇಲೆ ಬೆರಳಿಟ್ಟು, ನೀವೂ ಚಂದ್ರನ ಲೆಕ್ಕದಲ್ಲೇ ಸತ್ತವರಿಗೆ ಊಟ ಇಡುತ್ತೀರಾ ಎಂದು ಕೇಳಿದರು. ಹೌದು ಎಂದೆ. ನಾನು ಇಡುವುದಿಲ್ಲ ಎಂಬುದನ್ನು ಹೇಳಲಿಲ್ಲ.

ಆಗ ಅವರ ತಂಗಿಯ ವಿಷಯ ಬಂತು. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಅವರ ಮನೆಯವರು ದೋಣಿಯಲ್ಲಿ ದೇಶ ಬಿಟ್ಟಿದ್ದರು. ಗಸ್ತಿನವರ ಕಣ್ಣಿಗೆ ಬೀಳಬಾರದೆಂದು ಚಂದ್ರನಿಲ್ಲದ ರಾತ್ರಿಯನ್ನೇ ಆರಿಸಿದ್ದರಂತೆ. ಎದೆಮಟ್ಟದ ನೀರಿನಲ್ಲಿ ದೋಣಿಯತ್ತ ನಡೆಯುವಾಗ, ಇವರ ಹೆಗಲ ಮೇಲಿದ್ದ ಏಳು ವರ್ಷದ ತಂಗಿ ಜಾರಿದಳು. ಕತ್ತಲು. ಎತ್ತ ಹೋದಳೆಂದು ಕಾಣಲಿಲ್ಲ. ಕೂಗುವಂತೆಯೂ ಇರಲಿಲ್ಲ... ಇಷ್ಟನ್ನೂ ಗುಂಡಿ ಹಾಕುವ ಕೆಲಸ ಬಾಕಿಯಿದೆ ಎನ್ನುವ ದನಿಯಲ್ಲಿ ಹೇಳಿದರು. ಮಗಳಿಗೆ ಹೇಳಿರಲಿಲ್ಲವಂತೆ. ಅವಳು ಕಥೆ ಬರೆಯುವವಳು, ಹೇಳಿದರೆ ಬರೆದುಬಿಡುತ್ತಾಳೆ ಎಂಬ ಭಯ.

ಹೊರಟ ದಿನದ ತಾರೀಖು ನಿರಾಶ್ರಿತರ ಶಿಬಿರದ ಕಾಗದದಲ್ಲಿತ್ತು; ಅವರ ಚಿಕ್ಕಪ್ಪ ಬರೆಸಿದ್ದು. ಪ್ರತಿವರ್ಷ ಅದೇ ತಾರೀಖಿಗೆ ಪುಟ್ಟ ಬಟ್ಟಲಲ್ಲಿ ಅನ್ನ, ಪಕ್ಕದಲ್ಲೊಂದು ಕಿತ್ತಳೆ ಇಡುತ್ತಿದ್ದರು. ತಂಗಿಯ ಫೋಟೊ ಇರಲಿಲ್ಲ. ತಮಗೆ ವಯಸ್ಸಾಯಿತು, ಇನ್ನಾದರೂ ಚಂದ್ರನ ಲೆಕ್ಕದಲ್ಲಿ ಸರಿಯಾದ ದಿನ ಇಡಬೇಕು, ಹುಡುಕಿಕೊಡು ಎಂದರು.

ಕಂಪ್ಯೂಟರಿನಲ್ಲಿ ಅದು ಒಂದು ನಿಮಿಷದ ಕೆಲಸ. ಯಾವುದನ್ನೂ ಒಂದೇ ಸಲಕ್ಕೆ ನಂಬದ ನಾನು ಮೂರು ಸಲ ನೋಡಿದೆ. ಮರುದಿನ ಮಧ್ಯಾಹ್ನ ಹೆಂಡತಿ ಬ್ಲೌಸ್ ತರಲು ಹೊರಟಾಗ ಜೊತೆಗೆ ಹೋದೆ. ಪರೀಕ್ಷೆಯಲ್ಲಿ ಲೆಕ್ಕ ಸರಿಬಂದಷ್ಟು ಉತ್ಸಾಹವಿತ್ತು ನನಗೆ.

"ಆಂಟಿ, ಅವತ್ತು ಅಮಾವಾಸ್ಯೆ ಆಗಿರೋಕೆ ಸಾಧ್ಯಾನೇ ಇಲ್ಲ. ಅವತ್ತು ಹುಣ್ಣಿಮೆ."

ಹೊಲಿಗೆ ಯಂತ್ರ ನಿಂತಿತು.

"ಹುಣ್ಣಿಮೆ ಆಗಿದ್ರೆ ನಂಗೆ ಅವಳು ಕಾಣಿಸ್ಬೇಕಿತ್ತು," ಎಂದರು. "ಅಲ್ವಾ, ಎಮ್?"

ಚಿಕ್ಕಪ್ಪ ತಾರೀಖು ತಪ್ಪು ಬರೆಸಿರಬಹುದು. ಅಷ್ಟು ದಿನ ಸಮುದ್ರದಲ್ಲಿದ್ದವರಿಗೆ ವಾರ ಯಾವುದು, ದಿನ ಯಾವುದು? ಇದು ಹೊಳೆಯಲು ನನ್ನ ಡಿಗ್ರಿಗಳು ಬೇಕಿರಲಿಲ್ಲ. ಹೊಳೆದದ್ದು ಅಲ್ಲೇ ನಿಂತಾಗಲೋ, ಮನೆಗೆ ಬಂದ ಮೇಲೋ, ವರ್ಷಗಳು ಕಳೆದ ಮೇಲೋ... ಅವರ ಪ್ರಶ್ನೆಯ ನಂತರ ನನಗೆ ನೆನಪಿರುವುದು ಬಟ್ಟೆಯಲ್ಲಿ ಅರ್ಧ ಇಳಿದು ನಿಂತ ಸೂಜಿ. ಆ ತಿಂಗಳ ಕೊನೆಗೆ ನಾವು ಮನೆ ಬದಲಿಸಿದೆವು. ಒಮ್ಮೆ ಹೋಗಿ ಮಾತಾಡಿಸಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಮೂವತ್ತು ಮೈಲಿ ದೂರ. ಹೋಗಲಿಲ್ಲ.

ಬದಲಿಗೆ ಓದತೊಡಗಿದೆ. ಇಲ್ಲಿನ ವಿಯೆಟ್ನಾಮಿ ಮನೆಗಳ ಮಕ್ಕಳು ಬರೆದ ಕಾದಂಬರಿ, ಆತ್ಮಕಥೆ, ಕೈಗೆ ಸಿಕ್ಕಿದ್ದೆಲ್ಲ. ಅಪ್ಪ ಅಮ್ಮ ಬಾಯಿಬಿಡದ್ದನ್ನು ಮಕ್ಕಳು ಊಹಿಸಿ ಬರೆದ ಪುಸ್ತಕಗಳು. ಏನು ಹುಡುಕುತ್ತಿದ್ದೇನೆಂದು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಆಂಟಿಯ ಮಗಳ ಮೊದಲ ಕಾದಂಬರಿ ಸಿಕ್ಕಿತು. ಆಂಟಿ ತೀರಿಕೊಂಡಿದ್ದಾರೆಂದು ನನಗೆ ತಿಳಿದದ್ದು ಅದರ ಅರ್ಪಣೆಯ ಪುಟದಿಂದ.

ಅದರಲ್ಲಿ ಒಬ್ಬ ಇಂಡಿಯನ್ ನೆರೆಯವನು ಬರುತ್ತಾನೆ. ಅವತ್ತು ಹುಣ್ಣಿಮೆ ಎನ್ನುತ್ತಾನೆ. ತಾಯಿ ಅದೇ ಪ್ರಶ್ನೆ ಕೇಳುತ್ತಾಳೆ. ಅವನು ಅವಳ ಪಕ್ಕದಲ್ಲಿ ಕುಳಿತು, ಮೋಡ ಕವಿದಿರಬೇಕು, ಯಾರಿಗೂ ಕಾಣುತ್ತಿರಲಿಲ್ಲ ಎನ್ನುತ್ತಾನೆ.

ಆ ಪುಟವನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ಆ ದನಿ ನನ್ನದೇ ಅನ್ನಿಸತೊಡಗಿತು. ಹೆಂಡತಿಯನ್ನು ಕೇಳಿದೆ.

"ಮೋಡಾನಾ? ನೀವೇನೂ ಹೇಳ್ಲಿಲ್ಲ ರೀ," ಎಂದಳು. "ಫೋನ್ ಬಂದೋರ ಥರ ಹೊರಟ್ಬಿಟ್ರಿ. ಬ್ಲೌಸ್ ಇಸ್ಕೊಂಡು ಬಂದೋಳು ನಾನು."

ಅವಳ ನೆನಪನ್ನೂ ಅನುಮಾನಿಸಿ ನೋಡಿದೆ. ಆದರೆ ಅದನ್ನು ತಿದ್ದಿಕೊಳ್ಳಬೇಕಾದ ಗರಜು ಅವಳಿಗಿರಲಿಲ್ಲ. ನನಗಿತ್ತು.

ಡೆಟ್ರಾಯಿಟ್ ಹತ್ತಿರದ ಒಂದು ಲೈಬ್ರರಿಯಲ್ಲಿ ಆಂಟಿಯ ಮಗಳು ಜನರೆದುರು ತನ್ನ ಪುಸ್ತಕ ಓದುತ್ತಾಳೆಂದು ತಿಳಿದಾಗ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ನಾನು ಹಾಗೆ ಹೇಳಲಿಲ್ಲ ಎಂದು ತಿಳಿಸಿಬಿಡಬೇಕೆಂದೇ ಹೋದದ್ದು. ಸಹಿಯ ಸಾಲಿನಲ್ಲಿ ನನ್ನ ಸರದಿ ಬಂದಾಗ ಡೆಸ್ ಪ್ಲೇನ್ಸ್, ಎದುರು ಬಾಗಿಲು ಎಂದೆ. ಅವಳು ತಲೆಯೆತ್ತಿದಳು, ಅದೇ ಅಗಲವಾದ ಹಣೆ. ಅಮ್ಮ ತಂಗಿಯ ಕಥೆ ಬಿಚ್ಚಿದ್ದು ಆಸ್ಪತ್ರೆಯಲ್ಲಿ, ಕೊನೆಯ ವಾರಗಳಲ್ಲಂತೆ. ಮೋಡದ ಮಾತನ್ನು ದಿನಾ ಹೇಳುತ್ತಿದ್ದರಂತೆ.

"ಅಮ್ಮ ಕೆಲವು ಸಲ ಇಲ್ಲದ್ದನ್ನ ಸೇರಿಸ್ತಿದ್ರು," ಎಂದು ದನಿ ತಗ್ಗಿಸಿದಳು. "ನೀವು ನಿಜವಾಗ್ಲೂ ಹಾಗೆ ಹೇಳಿದ್ರಾ, ಅಂಕಲ್?"

ಪೆನ್ನು ಪುಟದ ಮೇಲೆ ಕಾಯುತ್ತಿತ್ತು.

"ಹೌದು," ಎಂದೆ. "ಹೇಳಿದ್ದೆ."

ಹಿಂತಿರುಗಿ ಬರುವಾಗ ದಾರಿಯುದ್ದಕ್ಕೂ ರೇಡಿಯೊ ಹಾಕಲಿಲ್ಲ.

ಈಗ ಸೀಸೆ ಮೇಜಿನ ಮೇಲಿದೆ. ನಾವು ಮನೆ ಬಿಟ್ಟ ದಿನ ಅವರೇ ಮೆಟ್ಟಿಲಿಳಿದು ಬಂದು ಕೋಟಿನ ಜೇಬಿಗೆ ಹಾಕಿದರು ಎಂದು ಒಂದು ನೆನಪು. ಹುಣ್ಣಿಮೆಯ ಮಾತಿಗೂ ಮೊದಲೇ, ಯಾವುದೋ ತಲೆನೋವಿಗೆ ಕೊಟ್ಟದ್ದು ಎಂದು ಇನ್ನೊಂದು. ಮೊದಲನೆಯದು ನಿಜವಾಗಿದ್ದರೆ... ಕೇಳೋಣವೆಂದರೆ ಅವರಿಲ್ಲ.

ಬೆಳಿಗ್ಗೆ ಆ ಹಳೆಯ ತಾರೀಖನ್ನು ಕಂಪ್ಯೂಟರಿನಲ್ಲಿ ಮತ್ತೆ ಹಾಕಿ ನೋಡಿದೆ. ಹುಣ್ಣಿಮೆಯೇ. ಮೋಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮುಂದಿನ ಮಂಗಳವಾರ ಅದೇ ತಾರೀಖು; ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿದೆ. ಅಂಗಡಿಯಿಂದ ಒಂದು ಕಿತ್ತಳೆ ತಂದಿದ್ದೇನೆ. ಯಾವ ದಿನ ಇಡಬೇಕೆಂದು ಗೊತ್ತಿಲ್ಲ.