ರೊಟ್ಟಿ ಬಡಿಯುವವರ ಕಲಮು

ಸುರಪುರದಲ್ಲಿ ಡಿಗ್ರಿ ಓದುವಾಗ ಚರ್ಚಾಸ್ಪರ್ಧೆಯೊಂದರಲ್ಲಿ ನಾನು ಸ್ಟೀಲ್ ಡಬ್ಬಿ ಗೆದ್ದಿದ್ದೆ. ವಿಷಯ: ದೇಶಕ್ಕೆ ಲಿಖಿತ ಸಂವಿಧಾನ ಬೇಕೇ? ಚೀಟಿ ಎತ್ತಿದರೆ ನನಗೆ 'ಬೇಡ' ಬಂತು. ಇಂಗ್ಲೆಂಡಿನಲ್ಲಿ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟಿಲ್ಲ, ಆ ದೇಶವೇನು ಮುಳುಗಿತೇ? ನಮ್ಮ ಮನೆಯಲ್ಲಿ ಯಾರು ಮೊದಲು ಉಣ್ಣಬೇಕೆಂದು ಗೋಡೆಗೆ ಬರೆದು ಹಾಕಿದ್ದಾರೆಯೇ? ಹೀಗೆ ಗಂಟಲು ಹರಿಯುವಂತೆ ಕೂಗಿ ಚಪ್ಪಾಳೆ ಗಿಟ್ಟಿಸಿದ್ದೆ. ಇಪ್ಪತ್ತು ವರ್ಷ ಆ ಡಬ್ಬಿಯ ಜೊತೆ ಜಂಬವನ್ನೂ ಹೊತ್ತು ತಿರುಗಿದೆ.

ಈಗ ಶಹಾಪುರದಲ್ಲಿ ನಾವು ಎಂಟು ಹೆಂಗಸರು ಸೇರಿ ಜೋಳದ ರೊಟ್ಟಿ ಮಾಡಿ ಮಾರುತ್ತೇವೆ. ಹೋದ ವರ್ಷ ಸಂಘವನ್ನು ನೋಂದಾಯಿಸಲು ಹೋದರೆ, ನಿಯಮಾವಳಿ ಬರೆದು ತನ್ನಿ ಎಂದರು. ಡಿಗ್ರಿ ಆದವಳು ನಾನೊಬ್ಬಳೇ, ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಹಾಳೆ ಬಿಚ್ಚಿದ್ದೇ ತಡ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಾಕೆ ಗೊಣಗಿದಳು. "ತಂಗಿ, ನಾವೇನು ಹೊರಗಿನವರೇನು? ಇಷ್ಟ ದಿನ ಬರೀಲಾರದ ನಡದೈತಿ. ಕಾಯ್ದಾ ಬರದ್ರ ಜಗಳಾನ ಬರ್ತಾವ."

ನನಗೆ ಖುಷಿಯೋ ಖುಷಿ. ನನ್ನ ಹಳೆಯ ಭಾಷಣವನ್ನೇ ಆಡಿದ್ದಳಲ್ಲ!

ಆಗ ಬಾಗಿಲ ಬಳಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಪಕ್ಕದ ಸಗರದಿಂದ ದಿನಾ ಬರುವ, ಬೌದ್ಧರಾದ ದಲಿತರ ಮನೆಯ ಸೊಸೆ.

"ಬರೀರಿ ಅಕ್ಕಾರ. ಎಲ್ಲಾ ಬರೀರಿ. ನಾ ಒಬ್ಬಾಕಿನ ಯಾಕ ದಿನಾ ಜರಡಿ ಹಿಡೀಬೇಕು, ಒಲಿ ಮುಂದ ಯಾಕ ಕುಂದರಬಾರದು, ಅದನ್ನೂ ಬರೀರಿ."

ರೊಟ್ಟಿ ಬಡಿಯುವ ಸದ್ದು ನಿಂತೇ ಹೋಯಿತು. ಅವಳು ಒಲೆ ಮುಟ್ಟಬಾರದೆಂದು ಯಾರೂ ಯಾವತ್ತೂ ಅಂದಿರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, ಬಂದ ಮೊದಲ ದಿನವೇ ಅವಳ ಕೈಗೆ ಜರಡಿ ಸೇರಿತ್ತು, ಅಷ್ಟೇ. ಕೊಟ್ಟವಳು ನಾನು. ಜಾತಿ ಗೊತ್ತಿದ್ದೇ ಕೊಟ್ಟಿದ್ದೆ.

ನನಗೆ ನಾಚಿಕೆಯಾಗಿತ್ತು, ನಿಜ, ಆದರೆ ಅದಕ್ಕಿಂತ ಹೆಚ್ಚು ಹುರುಪು ಬಂದಿತ್ತು. 'ಕಲಮು ಐದು: ರೊಟ್ಟಿ ಬಡಿಯುವವರು' ಎಂದು ದೊಡ್ಡದಾಗಿ ಬರೆದು ಹಿರಿಯಾಕೆಯ ಕಡೆ ತಿರುಗಿದೆ.

"ಹೇಳ್ರಿ ಅವ್ವಾರ, ಈಗ ಹೆಂಗ ನಡದೈತೋ ಹಂಗ ಬರೀತೀನಿ."

"ಅದನ್ನೇನು ಬರಿಯೂದು? ಎಲ್ಲಾರಿಗೂ ಗೊತ್ತೈತಿ."

"ಗೊತ್ತಿದ್ದದ್ದನ್ನ ಬಾಯಿಬಿಟ್ಟು ಹೇಳ್ರಿ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಒಬ್ಬಳು ಒಲೆಯ ಉರಿ ತಗ್ಗಿಸಿದಳು, ಇನ್ನೊಬ್ಬಳು ನೀರು ಕುಡಿಯಲು ಎದ್ದಳು. ದಿನವೂ ಪಾಲಿಸುತ್ತಿದ್ದ ಕಾಯ್ದೆಯನ್ನು ಒಂದು ಸಾಲಿನಲ್ಲಿ ಹೇಳಲು ಒಬ್ಬಳಿಗೂ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ. ಅಯ್ಯೋ, ಇಷ್ಟು ಸಣ್ಣ ಮಾತು ಅಂದು ವೇದಿಕೆಯ ಮೇಲೆ ಹೊಳೆದಿರಲಿಲ್ಲವಲ್ಲ! ಬರೆಯದೆ ಬಿಟ್ಟಿದ್ದಕ್ಕೇ ಆ ಕಾಯ್ದೆ ಬದುಕಿತ್ತು. ದೇಶವೂ ಬರೆಯಲು ಕೂತಾಗಲೇ ತನ್ನ ಯಾವ ರೂಢಿ ಬಾಯಿಬಿಟ್ಟು ಹೇಳಲು ನಾಚುವಂಥದ್ದು ಎಂದು ತಿಳಿಯುತ್ತದೆ ಅನ್ನಿಸಿತು.

'ಸಂಘದ ಯಾವ ಸದಸ್ಯೆಯಾದರೂ ರೊಟ್ಟಿ ಬಡಿಯಬಹುದು. ಜರಡಿ ಎಲ್ಲರಿಗೂ ಸರದಿಯಂತೆ' ಎಂದು ಬರೆದು ಗಟ್ಟಿಯಾಗಿ ಓದಿದೆ. ಬೇಡ ಅನ್ನುವವರು ಕೈ ಎತ್ತಿ ಎಂದೆ. ಒಂದು ಕೈಯೂ ಏಳಲಿಲ್ಲ. ಕುಣಿಯಬೇಕು ಅನ್ನಿಸಿತು ನನಗೆ.

ಸಗರದಾಕೆ ಕೈ ತೊಳೆದುಕೊಂಡು ಒಲೆಯ ಮುಂದೆ ಕೂತಳು. ಪಟಪಟನೆ ಬಡಿದು ಹಂಚಿಗೆ ಹಾಕಿದಳು, ರೊಟ್ಟಿ ಉಬ್ಬಿತು. ಅದನ್ನು ನೇರ ನನ್ನ ಮುಂದೆ ಹಿಡಿದಳು.

"ಬರದಾಕಿ ನೀವ. ಮೊದಲ ನೀವ ತಿನ್ರಿ."

ಎರಡು ವರ್ಷದಲ್ಲಿ ಅವಳ ಕೈಯಿಂದ ನಾನು ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಎಲ್ಲರ ಎದುರೇ ನಿಂತು ತಿಂದೆ, ಬಾಯಿ ಸುಟ್ಟಿತು.

ಅವಳು ಬಡಿದ ಇನ್ನೆರಡನ್ನು ಬಹುಮಾನದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಹೋದೆ. ರೊಟ್ಟಿ ಯಾರು ಬಡಿದದ್ದೆಂದು ಅತ್ತೆ ಕೇಳಿದರು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅವರು ಬಾಯಿಗಿಡುವ ಮೊದಲೇ ನಿಜ ಹೇಳಿದೆ. ಅತ್ತೆ ರೊಟ್ಟಿಯಿದ್ದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಪಲ್ಯಾ ಹಾಕು," ಎಂದರು.