ಕಲ್ಯಾಣಕುಮಾರನ ಐದು ಮನೆ

ಗಾಣಗಾಪುರದಲ್ಲಿ ನನ್ನ ಕಾಯಿ-ಹೂವಿನ ಅಂಗಡಿ ಇರುವುದು ನಮ್ಮ ಮನೆಯ ಕಟ್ಟೆಯ ಮೇಲೆಯೇ. ಎದುರು ಮನೆ ಕಲ್ಯಾಣಕುಮಾರನದು. ಆ ಬಾಗಿಲಿಗೆ ಯಾರು ಬಂದರು, ಯಾರು ಹೋದರು ಎಂಬುದು ನನ್ನ ಕಣ್ಣು ತಪ್ಪಿಸುವುದು ಕಷ್ಟ. ಅವನು ಬಾಯಿ ತುಂಬ ಜಯಮಾಲಕ್ಕಾ ಎಂದು ಕರೆಯುತ್ತಾನೆ, ನನಗೂ ಅವನು ತಮ್ಮನಿದ್ದ ಹಾಗೆ. ಆದರೂ ಸೊಲ್ಲಾಪುರದ ಸಂಗತಿ ನೆನೆದರೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ. ಬಂದ ಸಿಟ್ಟನ್ನು ನುಂಗಿಕೊಂಡು ಮಾತಾಡುವುದು ನನಗೆ ಗೊತ್ತಿಲ್ಲ.

ಕಲ್ಯಾಣಕುಮಾರ ಸಂಗಮದ ರಸ್ತೆಯ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು, ನೋಡಿದವರು ಕೈ ಮುಗಿಯಬೇಕು. ಆದರೆ ಕೈ ಮಾತ್ರ ಬಲು ಬಿಗಿ. ಯಾತ್ರಿಕರು ಬಿಟ್ಟುಹೋದ ಸಾಬೂನಿನ ಚೂರುಗಳನ್ನು ಒತ್ತಿ ಉಂಡೆ ಮಾಡಿ ಮನೆಗೆ ತರುತ್ತಾನೆ. ಇಳಿಜಾರು ಬಂದರೆ ಮೋಟಾರ್‌ಸೈಕಲ್ಲಿನ ಇಂಜಿನ್ ಬಂದ್ ಮಾಡುತ್ತಾನೆ. ಓಣಿಯವರೆಲ್ಲ ಅವನನ್ನು ಆಡಿಕೊಂಡು ನಗುತ್ತೇವೆ, ಅವನೂ ಜೊತೆಗೆ ನಗುತ್ತಾನೆ. ಅವನು ಓಟಗಾರನಾದದ್ದೂ ಈ ಜಿಪುಣತನದಿಂದಲೇ. ನಡೆಯಲಾರದ ಮುದುಕರು ಲಾಡ್ಜಿನಲ್ಲಿ ಇಳಿದರೆ ಸಂಗಮದಿಂದ ತೀರ್ಥ ತಂದುಕೊಡು ಎಂದು ಆಟೋ ಬಾಡಿಗೆ ಕೊಡುತ್ತಾರೆ. ಇವನು ಬಾಡಿಗೆ ಉಳಿಸಲು ಕ್ಯಾನು ಹಿಡಿದು ಓಡುತ್ತಾನೆ. ಹೋಗುವಾಗ ಖಾಲಿ ಕ್ಯಾನು, ಬರುವಾಗ ತುಂಬಿದ್ದು. ವರ್ಷಗಟ್ಟಲೆ ಹೀಗೆ ಓಡಿ ಅವನ ಕಾಲು ಗಟ್ಟಿಯಾದವು.

ಆ ಮನೆಯಲ್ಲಿ ಲೆಕ್ಕವಿಲ್ಲದೆ ಖರ್ಚಾಗುವುದು ಒಂದೇ, ಜೋಳದ ಹಿಟ್ಟು. ನಮ್ಮೂರಲ್ಲಿ ಮಧ್ಯಾಹ್ನ ದತ್ತ ಮಹಾರಾಜರೇ ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆ. ಅದಕ್ಕೇ ಬಂದ ಯಾತ್ರಿಕರೂ ಜೋಳಿಗೆ ಹಿಡಿದು ಕನಿಷ್ಠ ಐದು ಮನೆ ಬೇಡುತ್ತಾರೆ. ಅದೇ ಮಾಧುಕರಿ. ಕಾರಿನಲ್ಲಿ ಬಂದವನೂ ಬೇಡಬೇಕು, ಕಾಲ್ನಡಿಗೆಯಲ್ಲಿ ಬಂದವನೂ ಬೇಡಬೇಕು. ಕಲ್ಯಾಣಕುಮಾರನ ತಾಯಿ ಗೌರಾಬಾಯಿ ಇರುವ ತನಕ ಆಕೆ ನೀಡಿದಳು, ಆಕೆಯ ನಂತರ ಸೊಸೆ ಶಿವಕಾಂತಾ ನೀಡುತ್ತಾಳೆ. ಶಿವಕಾಂತಾ ಜೇವರ್ಗಿ ತಾಲೂಕಿನ ಕೊಳಕೂರದ ಒಕ್ಕಲುತನದ ಮನೆಯ ಹುಡುಗಿ. ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ‘ಯಾವೂರ್ರಿ?’ ಎಂದಷ್ಟೇ ಪ್ರೀತಿಯಿಂದ ಕೇಳಿ, ರೊಟ್ಟಿಯ ತುಂಡು ಹಾಕಿ, ತಾನೇ ಮೊದಲು ಕೈ ಮುಗಿಯುತ್ತಾಳೆ.

ಲಾಡ್ಜಿಗೆ ಹುಣ್ಣಿಮೆಗೊಮ್ಮೆ ಸೊಲ್ಲಾಪುರದಿಂದ ಪಾಂಡುರಂಗ ಎಂಬ ಬ್ಯಾಂಕಿನ ಸಾಹೇಬರು ಬರುತ್ತಾರೆ. ಬೆಳಗಿನ ಹೊತ್ತು ಓಡುವುದು ಅವರಿಗೂ ರೂಢಿ. ಒಂದು ದಿನ ಸಂಗಮದ ದಾರಿಯಲ್ಲಿ ತುಂಬಿದ ಕ್ಯಾನು ಹಿಡಿದ ನಮ್ಮ ಮ್ಯಾನೇಜರು ಅವರನ್ನು ಹಿಂದೆ ಹಾಕಿ ಬಂದುಬಿಟ್ಟ. ಸಾಹೇಬರಿಗೆ ಆಶ್ಚರ್ಯ. ಜನವರಿಯಲ್ಲಿ ನಮ್ಮ ಸೊಲ್ಲಾಪುರದಲ್ಲಿ ದೊಡ್ಡ ಓಟ ಇದೆ, ನಿನ್ನ ಹೆಸರು ನಾನೇ ಬರೆಸುತ್ತೇನೆ, ನೀನು ಬಂದು ಓಡಿದರೆ ಸಾಕು ಎಂದರು. ಟೀ ಶರ್ಟು ಬಿಟ್ಟಿ, ಓಡಿ ಮುಗಿಸಿದರೆ ಪದಕ, ಮೇಲೆ ನಾಷ್ಟಾ. ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕಲ್ಯಾಣಕುಮಾರ ಒಲ್ಲೆ ಅನ್ನುತ್ತಾನೆಯೇ?

ಶಿವಕಾಂತಾಳನ್ನೂ ಕರೆದುಕೊಂಡು ಹೊರಟ. ಒಬ್ಬರಿಗೆ ಸುಡುವ ಪೆಟ್ರೋಲಿನಲ್ಲೇ ಇಬ್ಬರೂ ಹೋಗಬಹುದು ಎಂದು ನನ್ನ ಮುಂದೆ ಲೆಕ್ಕ ಹೇಳಿದ. ಮದುವೆಯಾದ ಮೇಲೆ ಇಬ್ಬರೇ ಊರು ಬಿಟ್ಟು ಹೊರಟಿದ್ದು ಅದೇ ಮೊದಲು. ಆಕೆ ಇಳಕಲ್ ಸೀರೆ ಉಟ್ಟು, ಗಂಡನ ಹಳೇ ಸ್ವೆಟರ್ ಮೇಲೆ ಹಾಕಿಕೊಂಡು, ರೊಟ್ಟಿ ಶೇಂಗಾ ಹಿಂಡಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಗಾಡಿ ಹತ್ತಿದಳು. ಮುಖ ಅರಳಿತ್ತು. ತಾನಿಲ್ಲದ ಹೊತ್ತು ಬಂದವರಿಗೆ ನೀಡಲು ಹೇಳಿ ರೊಟ್ಟಿಯ ಬುಟ್ಟಿಯನ್ನು ನನ್ನ ಕಟ್ಟೆಯ ಮೇಲಿಟ್ಟು ಹೋದಳು.

ಅಫಜಲಪುರ ದಾಟಿ, ಗಡಿ ದಾಟಿ, ಅಕ್ಕಲಕೋಟದ ಅನ್ನಛತ್ರದಲ್ಲಿ ಪ್ರಸಾದ ಉಂಡರು. ಸೊಲ್ಲಾಪುರದಲ್ಲಿ ಒಂದು ಗುಡಿಯ ಧರ್ಮಶಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ತಂದ ರೊಟ್ಟಿ ಸಂಜೆಗೇ ತೀರಿತು. ಬೆಳಿಗ್ಗೆಗೆ ಏನು ಎಂದು ಆಕೆ ಕೇಳಿದ್ದಕ್ಕೆ ಅವನು ಬಲು ಜಾಣನ ಹಾಗೆ ಉತ್ತರ ಕೊಟ್ಟನಂತೆ.

“ದಾರಿ ತುಂಬಾ ಮಂದಿ ಬಾಳೆಹಣ್ಣು, ಚಿಕ್ಕಿ ಹಿಡ್ಕೊಂಡು ನಿಂತಿರ್ತಾರ. ನಮ್ಮ ಮಾಧುಕರಿ ಇದ್ದಂಗ ಅದು. ನೀನೂ ತಗೊ. ಬೇಡಿ ತಿನ್ನೂದ್ರಾಗ ನಾಚಿಕಿ ಏನದ?”

ಈ ಮಾತು ನೆನಪಿರಲಿ. ಹೇಳಿದವನು ಅವನು.

ಬೆಳಿಗ್ಗೆ ಮೈದಾನದಲ್ಲಿ ಜನವೋ ಜನ. ಒಬ್ಬೊಬ್ಬರ ಕಾಲಲ್ಲಿ ಬಣ್ಣಬಣ್ಣದ ಬೂಟು, ಕೈಯಲ್ಲಿ ಹೊಳೆಯುವ ಗಡಿಯಾರ. ಕಲ್ಯಾಣಕುಮಾರ ಹಳದಿ ಟೀ ಶರ್ಟು ಹಾಕಿ, ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡು, ಹೆಂಡತಿಯನ್ನು ರಸ್ತೆಯ ಬದಿಗೆ ಕೂರಿಸಿ ಒಳಗೆ ಹೋದ. ಪಾಂಡುರಂಗ ಸಾಹೇಬರು ಗೆಳೆಯರ ನಡುವೆ ನಿಂತಿದ್ದರು. ಇವರು ಗಾಣಗಾಪುರದ ದೊಡ್ಡ ಲಾಡ್ಜಿನ ಮ್ಯಾನೇಜರು, ಗಾಳಿಯಂತೆ ಓಡುತ್ತಾರೆ ಎಂದು ಎಲ್ಲರಿಗೂ ಪರಿಚಯ ಮಾಡಿಸಿದರು. ಎಲ್ಲಿ ಇಳಿದಿದ್ದೀರಿ ಎಂದು ಯಾರೋ ಕೇಳಿದರು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಎಂದ. ಮನೆಯವರು ಬಂದಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಇಲ್ಲ, ಒಬ್ಬನೇ ಬಂದೆ ಎಂದ. ಹಾಗೆ ಹೇಳುವಾಗ ರಸ್ತೆಯ ಕಡೆ ಕಣ್ಣು ಹೋಗಿತ್ತಂತೆ. ಸ್ವೆಟರ್ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಖಾಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಆಕೆ ಇವನನ್ನೇ ನೋಡುತ್ತ ನಕ್ಕಳಂತೆ.

ಓಟ ಶುರುವಾಯಿತು. ಓಡುವವರು ದೂರ ಹೋಗಿ ಅದೇ ರಸ್ತೆಯಲ್ಲಿ ಮರಳಿ ಬರಬೇಕಿತ್ತು. ಶಿವಕಾಂತಾ ಗಂಡನನ್ನು ಮುಂದೆ ಎಲ್ಲಾದರೂ ಕಾಣೋಣವೆಂದು ಅದೇ ರಸ್ತೆ ಹಿಡಿದು ನಡೆದಳು. ಗಂಡ ಹೇಳಿದಂತೆಯೇ ಅಲ್ಲಲ್ಲಿ ಮೇಜು ಹಾಕಿಕೊಂಡು ಜನ ನಿಂತಿದ್ದರು. ಆಕೆಗೆ ಕೊಡುವವರ ರೀತಿ ಗೊತ್ತು, ಬೇಡುವವರ ರೀತಿಯೂ ಗೊತ್ತು. ದಿನಾ ನೋಡುತ್ತಾಳಲ್ಲ. ಒಂದೇ ಕಡೆ ಸುರಿದುಕೊಳ್ಳಬಾರದು, ಐದು ಕಡೆ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಬೇಕು. ಮೊದಲ ಮೇಜಿನ ಮುಂದೆ ಚಪ್ಪಲಿ ಬಿಟ್ಟಳು, ಸೆರಗು ಒಡ್ಡಿದಳು, ಜೈ ಗುರುದತ್ತ ಎಂದಳು. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ಒಂದು ಬಾಳೆಹಣ್ಣು ಹಾಕಿದರು. ಪ್ರತಿ ಮೇಜಿನ ಮುಂದೆಯೂ ಹಾಗೆಯೇ ಚಪ್ಪಲಿ ಬಿಟ್ಟು ಸೆರಗು ಒಡ್ಡಿದಳು. ಎರಡನೆಯ ಕಡೆ ಶೇಂಗಾ ಚಿಕ್ಕಿ, ಅದರ ಮುಂದೆ ಕಿತ್ತಳೆಯ ತೊಳೆ, ಆಮೇಲೆ ಇನ್ನೊಂದು ಬಾಳೆಹಣ್ಣು. ಬಾಯಿಗೆ ಒಂದನ್ನೂ ಹಾಕಿಕೊಳ್ಳಲಿಲ್ಲ. ಐದು ಕಡೆ ಆದ ಮೇಲೆ ಗಂಡನ ಜೊತೆ ಕೂತು ತಿನ್ನುವುದೆಂದು ಸೆರಗಿನಲ್ಲೇ ಹಿಡಿದುಕೊಂಡು ನಡೆದಳು.

ಐದನೆಯ ಮೇಜಿನಲ್ಲಿ ಪಾಂಡುರಂಗ ಸಾಹೇಬರ ಹೆಂಡತಿ ನೀತಾಬಾಯಿ ಇದ್ದರು. ಕೆಟ್ಟ ಹೆಂಗಸೇನಲ್ಲ. ಹಿಂದೆ ಇನ್ನೂ ನೂರಾರು ಜನ ಓಡಿ ಬರುತ್ತಿದ್ದಾರೆ, ಇದು ಓಡುವವರಿಗೆ ಮಾತ್ರ, ನೀವು ಆಚೆ ಸರಿಯಿರಿ ಎಂದು ಮರಾಠಿಯಲ್ಲಿ ಹೇಳಿದರು. ಯಾತ್ರಿಕರ ಸಹವಾಸದಿಂದ ಶಿವಕಾಂತಾಗೂ ನಾಲ್ಕು ಮಾತು ಮರಾಠಿ ಬರುತ್ತದೆ. ನನ್ನ ಯಜಮಾನರೂ ಓಡುತ್ತಿದ್ದಾರೆ ಎಂದಳು. ಹೆಸರೇನು ಎಂದು ಕೇಳಿದರು. ಗಂಡನ ಹೆಸರು ಆಕೆ ಬಾಯಿಬಿಟ್ಟು ಹೇಳಿದ್ದನ್ನು ನಾನೇ ಕೇಳಿಲ್ಲ, ಅಪರಿಚಿತರ ಮುಂದೆ ಹೇಳುತ್ತಾಳೆಯೇ? ಗಾಣಗಾಪುರದವರು ಎಂದಳು, ಹಳದಿ ಅಂಗಿ ಎಂದಳು. ಅಲ್ಲಿ ಓಡುವವರೆಲ್ಲ ಹಳದಿ ಅಂಗಿಯವರೇ. ಪಕ್ಕದಲ್ಲಿದ್ದ ಹುಡುಗಿಯರು ನಕ್ಕರು. ಹೆಸರೇ ಗೊತ್ತಿಲ್ಲದ ಗಂಡನೇ ಎಂದರು. ಅಷ್ಟರಲ್ಲಿ ತಿರುವಿನಲ್ಲಿ ಕಲ್ಯಾಣಕುಮಾರ ಕಾಣಿಸಿದ. ಆಕೆಗೆ ಹೋದ ಜೀವ ಬಂದಂತಾಯಿತು. ‘ಇಗೋ, ಇವರ ನೋಡ್ರಿ’ ಎಂದು ಕೈ ತೋರಿಸಿದಳು.

ಅವನ ಜೊತೆ ಪಾಂಡುರಂಗ ಸಾಹೇಬರೂ ಇದ್ದರು. ಇಬ್ಬರೂ ನೀರಿಗೆಂದು ನಿಂತರು. ನೀತಾಬಾಯಿ ಗಂಡನಿಗೆ ಸಂಗತಿ ಹೇಳಿದರು. ಸೊಲ್ಲಾಪುರದ ಎಷ್ಟೋ ಮನೆಗಳಂತೆ ಸಾಹೇಬರ ಮನೆಯಲ್ಲೂ ಕನ್ನಡವಿದೆ. ಅವರು ಕಲ್ಯಾಣಕುಮಾರನ ಕಡೆ ತಿರುಗಿ, “ನಿಮ್ಮೂರಿನಾಕಿ ಅಂತ ಹೇಳಾಕತ್ತಾಳ. ನಿಮಗ ಗುರುತದ ಏನ್ರಿ?” ಎಂದರು.

ಕಲ್ಯಾಣಕುಮಾರ ಹೆಂಡತಿಯ ಬರಿಗಾಲು ನೋಡಿದ, ಸೆರಗಿನಲ್ಲಿದ್ದ ಬಾಳೆಹಣ್ಣು ನೋಡಿದ. ಮುಖ ಮಾತ್ರ ನೋಡಲಿಲ್ಲ.

“ನಮ್ಮೂರಿಗೆ ಸಾವಿರ ಮಂದಿ ಬರ್ತಾರ್ರಿ,” ಎಂದ. “ಯಾರ ಗುರುತಂತ ಇಟ್ಕೊಳ್ಳೂದು?”

ನೀರು ಕುಡಿದು ಓಡಿದ. ಶಿವಕಾಂತಾ ಸೆರಗಿನಲ್ಲಿದ್ದ ಚಿಕ್ಕಿ, ಕಿತ್ತಳೆ, ಎರಡು ಬಾಳೆಹಣ್ಣು, ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲಿಟ್ಟಳು. ಸೆರಗು ಕೊಡವಿ ಹೊದ್ದುಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿಯಲ್ಲಿ ತಿರುಗಿ ನಡೆದಳು.

ಅವನು ಓಟ ಮುಗಿಸಿದ. ಕೊರಳಿಗೆ ಪದಕ ಹಾಕಿದರು, ಕೈಗೆ ಉಪ್ಪಿಟ್ಟಿನ ಪೊಟ್ಟಣ ಕೊಟ್ಟರು. ಪೊಟ್ಟಣ ಬಿಚ್ಚದೆ ಹಾಗೇ ಹಿಡಿದುಕೊಂಡು ಗಾಡಿಯ ಹತ್ತಿರ ಬಂದ. ಆಕೆ ಅಲ್ಲೇ ನಿಂತಿದ್ದಳು. ತಿನ್ನು ಎಂದು ಚಾಚಿದರೆ, ನನ್ನ ಊಟ ಆಯಿತು ಎಂದಳು. ಹೋಗುವಾಗ ಅವನ ಹೆಗಲ ಮೇಲೆ ಕೈ ಇಟ್ಟು ಕೂತಿದ್ದವಳು ಬರುವಾಗ ಹಿಂದಿನ ಕಂಬಿ ಹಿಡಿದು ಕೂತಳು. ಅಕ್ಕಲಕೋಟದಲ್ಲಿ ಪ್ರಸಾದಕ್ಕೆ ನಿಲ್ಲಿಸಿದ. ನೀವು ಉಂಡು ಬನ್ನಿ, ನಾನು ಗಾಡಿ ಕಾಯುತ್ತೇನೆ ಎಂದಳು. ಸಾಲಿನಲ್ಲಿ ಹೋಗಿ ನಿಂತವನು ಎಲೆಯ ಮುಂದೆ ಕೂರಲಾರದೆ ತಿರುಗಿ ಬಂದ. ಬಿಟ್ಟಿ ಊಟ ಬಿಟ್ಟು ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲಿರಬೇಕು.

ಊರಿಗೆ ಬಂದ ಮೇಲೆ ಶಿವಕಾಂತಾ ಜಗಳ ತೆಗೆಯಲಿಲ್ಲ, ಅಳಲಿಲ್ಲ, ತವರಿಗೂ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು. ಆದರೆ ಅವನನ್ನು ಕರೆಯುವುದನ್ನು ಬಿಟ್ಟಳು. ಮೊದಲಾದರೆ ‘ಏನ್ರಿ’ ಎಂಬ ಆಕೆಯ ಕೂಗು ನನ್ನ ಅಂಗಡಿಯ ತನಕ ಕೇಳುತ್ತಿತ್ತು. ಈಗ ತಾಟು ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಸೊಲ್ಲಾಪುರದಲ್ಲಿ ಏನಾಯಿತೆಂದು ನನ್ನ ಮುಂದೆ ಹೇಳಿದ್ದೂ ಒಂದೇ ಸಲ, ರೊಟ್ಟಿಯ ಬುಟ್ಟಿ ಒಯ್ಯಲು ಬಂದಾಗ.

ಕೆಲವು ದಿನ ಕಳೆದ ಮೇಲೆ ಅವನು ನನ್ನ ಕಟ್ಟೆಗೆ ಬಂದು ಕೂತ. ಪದಕವನ್ನು ಲಾಡ್ಜಿನ ಡ್ರಾಯರಿನಲ್ಲಿ ಬೀಗದ ಕೈಗಳ ಅಡಿಗೆ ಹಾಕಿಟ್ಟಿದ್ದನಂತೆ. ಡ್ರಾಯರು ತೆಗೆದಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ ಎಂದ. ಆಕೆ ಬೈದರೂ ಬದುಕುತ್ತಿದ್ದೆ, ಈಗ ನನ್ನ ಮನೆಯಲ್ಲೇ ಪರಕೀಯನಾಗಿದ್ದೇನೆ, ಏನು ಮಾಡಲಿ ಅಕ್ಕಾ ಎಂದ. ನಾನು ಚೆನ್ನಾಗಿ ಉಗಿದೆ. ನಾಚಿಕೆ ಎಂಬುದು ಇದ್ದರೆ ನನ್ನ ಮುಂದೆ ಯಾಕೆ ಅಳುತ್ತೀ, ನಾಲ್ಕು ಜನರ ಮುಂದೆ ಬಿಟ್ಟುಕೊಟ್ಟವನು ನಾಲ್ಕು ಜನರ ಮುಂದೆಯೇ ಹೋಗಿ ನಿಲ್ಲು ಎಂದೆ. ಅವನು ತಲೆ ತಗ್ಗಿಸಿ ಎದ್ದು ಹೋದ.

ಮರುದಿನವೇ ಗುರುವಾರ. ಗುರುವಾರವೆಂದರೆ ನಮ್ಮೂರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಧ್ಯಾಹ್ನ ಶಿವಕಾಂತಾಳ ಬಾಗಿಲಿಗೆ ಉದ್ದಕ್ಕೆ ಸಾಲು ಹತ್ತಿತ್ತು. ಪುಣೆಯ ಕಡೆಯವರು, ಹೈದರಾಬಾದಿನವರು, ಭೂಸನೂರ ಫ್ಯಾಕ್ಟರಿಯ ಕಡೆಯ ಕಬ್ಬಿನ ರೈತರು. ಅವರ ನಡುವೆ ಕಲ್ಯಾಣಕುಮಾರ ನಿಂತಿದ್ದ. ಕಾಲಲ್ಲಿ ಚಪ್ಪಲಿ ಇಲ್ಲ, ಎರಡೂ ಕೈಯಲ್ಲಿ ಬಿಳಿ ಟವೆಲ್ ಜೋಳಿಗೆಯಂತೆ ಹಿಡಿದಿದ್ದ. ಓಣಿಯ ಮಂದಿ ನೋಡಿ ಕಿಸಕ್ಕೆಂದರು. ಲಾಡ್ಜಿನಲ್ಲಿ ಇಳಿದಿದ್ದ ಯಾತ್ರಿಕರು, ಮ್ಯಾನೇಜರ್ ಸಾಹೇಬ್ರು ಇಲ್ಲಿ ಯಾಕೆ ಎಂದು ಕೇಳಿದರು. ಅವನ ಕಿವಿ ಕೆಂಪಗಾಗಿದ್ದು ನನಗೆ ಎದುರಿನಿಂದಲೇ ಕಾಣುತ್ತಿತ್ತು. ಆದರೂ ಸಾಲು ಬಿಡಲಿಲ್ಲ.

ಅವನ ಸರದಿ ಬಂತು. ಶಿವಕಾಂತಾ ಬುಟ್ಟಿಯಿಂದ ತಲೆ ಎತ್ತಿದಳು. ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ದಿನಾ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು.

“ಯಾವೂರ್ರಿ?”

ನನ್ನ ಕೈಯಲ್ಲಿದ್ದ ಹೂವು ಕೈಯಲ್ಲೇ ನಿಂತಿತು. ಅವನು ಎರಡು ಸಲ ಕೆಮ್ಮಿದ.

“ಇದೇ ಊರು. ಇದೇ ಮನಿ,” ಎಂದ. ಧ್ವನಿ ಸಾಲಿನ ಕೊನೆಯ ತನಕ ಕೇಳುವಂತಿತ್ತು. “ನಾ ನಿನ್ನ ಗಂಡ, ಶಿವಕಾಂತಾ.”

ಶಿವಕಾಂತಾ ಎಲ್ಲರಿಗೂ ಹಾಕುವಷ್ಟೇ ದೊಡ್ಡ ತುಂಡು ಮುರಿದು ಅವನ ಟವೆಲಿಗೆ ಹಾಕಿದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕಣ್ಣು ತುಂಬಿದ್ದವು, ಧ್ವನಿ ಮಾತ್ರ ಗಟ್ಟಿ ಇತ್ತು.

“ಇನ್ನಾ ನಾಕು ಮನಿ ಅದಾವ. ಹೋಗಿ ಬರ್ರಿ.”

ಹುಟ್ಟಿದ ಊರಿನಲ್ಲಿ, ತನ್ನ ಓಣಿಯಲ್ಲಿ, ದಿನಾ ಕೈ ಮುಗಿಸಿಕೊಳ್ಳುವ ಜನರ ಬಾಗಿಲಿಗೆ ಟವೆಲ್ ಒಡ್ಡಬೇಕು. ಅವನು ಓಣಿ ದಾಟಿ ಬಂದ. ಎರಡನೆಯ ಮನೆ ನಮ್ಮದು. ನಾನು ಒಳಗೆ ಹೋಗಿ ರೊಟ್ಟಿ ತಂದೆ. ಮನಸ್ಸಿನಲ್ಲಿ ಇನ್ನೂ ನಾಲ್ಕು ಮಾತು ಬೈಯಲು ಇಟ್ಟುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ, ಯಾರೂ ಕೇಳದೆಯೇ, ಅವನೇ ಹೇಳಿದ.

“ಶಿವಕಾಂತಾನ ಗಂಡ ಬಂದೀನ್ರಿ, ಅಕ್ಕಾ.”

ಉಳಿದ ಮೂರು ಬಾಗಿಲಲ್ಲೂ ಅದನ್ನೇ ಹೇಳಿದ. ಎದುರು ಮನೆಯ ಸಾಲು ಮುಂದೆ ಸರಿಯುತ್ತಿರಲಿಲ್ಲ. ರೊಟ್ಟಿಯ ತುಂಡು ಕೈಯಲ್ಲೇ ಹಿಡಿದು ಶಿವಕಾಂತಾ ಒಂದೊಂದು ಬಾಗಿಲಿನ ಕಡೆಗೂ ಕಿವಿಗೊಟ್ಟು ನಿಂತಿದ್ದಳು.