ಡಬ್ಬಿ ಮಾಂಸದ ವೈರಿ

“ಅಮ್ಮಾ, ಫೆತು ಅಕ್ಕ ಪೊಲೀಸಾ?” ಎಂದು ಮಗ ಟಾಸಿ ಕೇಳಿದಾಗ ಮೆಲೆಗೆ ನಗು ಬಂತು. ರಾಜಧಾನಿ ಆಪಿಯಾದ ಕಾಲೇಜಿನಲ್ಲಿ ಓದುವ, ಪಕ್ಕದ ಮನೆಯ ಈ ಹುಡುಗಿ ಶನಿವಾರವಾದರೆ ಆರೋಗ್ಯ ಸ್ವಯಂಸೇವಕರ ಹಳದಿ ಅಂಗಿ ತೊಟ್ಟು ಊರಿನ ಅಡುಗೆಮನೆಗಳಿಗೆಲ್ಲ ನುಗ್ಗುತ್ತಾಳೆ; ಉಪ್ಪು, ಕೊಬ್ಬು ತುಂಬಿದ ಮಾಂಸದ ಡಬ್ಬಿ ಸಿಕ್ಕರೆ ಕಳ್ಳನನ್ನು ಹಿಡಿದವಳಂತೆ ಎತ್ತಿ ತೋರಿಸುತ್ತಾಳೆ. “ಮತ್ತೆ ಇದನ್ನೇ ತಂದ್ರಾ ಅತ್ತೆ? ಹಿತ್ತಲಲ್ಲಿ ಪಪ್ಪಾಯಿ ಉದುರಿ ಕೊಳೀತಾ ಇದೆ!” ಎಂದು ಗದರುತ್ತಾಳೆ. “ನಿನ್ನ ಮದುವೇಲಿ ಬರೀ ಹುಲ್ಲು ಬಡಿಸ್ತೀವಿ ಬಿಡೇ” ಎಂದು ಹೆಂಗಸರು ರೇಗಿಸುತ್ತಾರೆ, ಆದರೂ ಚರ್ಚು ಮುಗಿದ ಮೇಲಿನ ಭಾನುವಾರದ ಊಟಕ್ಕೆ ಈಗ ಮನೆಮನೆಯಲ್ಲೂ ಕೆಸುವಿನ ಸೊಪ್ಪು ಬೇಯುತ್ತದೆ. ಅವಳ ಮಾತು ಕೇಳದವಳು ಅವಳ ತಾಯಿಯೊಬ್ಬಳೇ. ಸಕ್ಕರೆ ಕಾಯಿಲೆಯಿಂದ ಆಕೆಯ ಕಾಲಿನ ಹುಣ್ಣು ಮಾಯುತ್ತಲೇ ಇಲ್ಲ. ನಿನ್ನೆ ಫೆತು ಬೇಯಿಸಿದ ಸೊಪ್ಪು ಹಾಕಿ ಮುಚ್ಚಿದ ತಟ್ಟೆಯೊಂದನ್ನು ಮೆಲೆಯ ಕೈಗಿಟ್ಟಳು: “ನೀವೇ ಮಾಡಿದ್ದು ಅಂತ ಅಮ್ಮಂಗೆ ಕೊಡ್ತೀರಾ ಅಕ್ಕ? ನಾನು ಕೊಟ್ರೆ, ಹೆತ್ತೋಳಿಗೇ ಬುದ್ಧಿ ಹೇಳ್ತೀಯಾ ಅಂತ ಮುಟ್ಟೋದೇ ಇಲ್ಲ. ಪಕ್ಕದ ಮನೆಯೋರು ತಂದದ್ದನ್ನ ಬೇಡ ಅನ್ನೋಕೆ ಅವಳಿಗೆ ಬಾಯಿ ಬರಲ್ಲ.”